ಮೂವತ್ತೇಳು ಡಿಗ್ರಿಗೆ ಕರಗಬೇಕಿದ್ದ ಕೊಬ್ಬು

ನಾಲ್ಕು ಸ್ಟೀಲ್ ಕಾಲಮ್‌ಗಳನ್ನು ಲಾರಿಯಿಂದ ಇಳಿಸಿದ್ದು ಆಗಸ್ಟ್ ತಿಂಗಳ ಒಂದು ಸೋಮವಾರ. ತುಮಕೂರು ರಸ್ತೆಯಿಂದ ಮಾಕಳಿಯ ಒಳಕ್ಕೆ ತಿರುಗುವ ಓಣಿಯಲ್ಲಿ ನಮ್ಮ ಕಾರ್ಖಾನೆ. ಗೇಟು ಕಿರಿದಾದ್ದರಿಂದ ಲಾರಿ ಒಳಗೆ ಬರಲಿಲ್ಲ. ಕ್ರೇನಿನವನು ರಸ್ತೆಯಲ್ಲೇ ನಿಂತು ಒಂದೊಂದನ್ನೇ ಕಾಂಪೌಂಡಿನ ಮೇಲಿಂದ ಎತ್ತಿ ಇಳಿಸಿದ. ಒಂದೊಂದೂ ಎರಡಾಳೆತ್ತರದ ಟೊಳ್ಳು ಕಂಬ. ಅಷ್ಟು ಹೊತ್ತೂ ನಾನು ಹೆಲ್ಮೆಟ್ಟಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದೆ. ಅವನ್ನು ತರಿಸಿ ಎಂದು ಯಜಮಾನರ ಬೆನ್ನು ಹತ್ತಿದವಳು ನಾನು. ಕಾರ್ಖಾನೆಯ ಕೆಮಿಸ್ಟ್ ಆಗಿ ಕಾಗದಗಳಿಗೆಲ್ಲ ಸಹಿ ಹಾಕಿದವಳೂ ನಾನು. ಅವು ಕೆಲಸ ಮಾಡದಿದ್ದರೆ ಬೇರೆ ಯಾರನ್ನೂ ತೋರಿಸುವಂತಿರಲಿಲ್ಲ.

ನಾವು ಮಾಡುವುದು ಬಿಸ್ಕತ್ತಿನ ನಡುವಿನ ಕ್ರೀಮಿಗೆ ಬೇಕಾಗುವ ಕೊಬ್ಬು. ತಾಳೆ ಎಣ್ಣೆಯ ಗಟ್ಟಿ ಭಾಗವನ್ನೂ ತಾಳೆ ಬೀಜದ ಎಣ್ಣೆಯನ್ನೂ ಬೆರೆಸಿದರೆ ಬರುವ ಮಿಶ್ರಣ ನಲವತ್ತಾರು ಡಿಗ್ರಿಯವರೆಗೂ ಕರಗುವುದಿಲ್ಲ. ಬಾಯಿಯ ಬಿಸಿ ಇರುವುದು ಸುಮಾರು ಮೂವತ್ತೇಳು. ಆ ಮಿಶ್ರಣವನ್ನು ಹಾಗೇ ಕ್ರೀಮಿಗೆ ಹಾಕಿದರೆ ತಿಂದವರ ಅಂಗುಳಕ್ಕೆ ಮೇಣ ಮೆತ್ತಿದಂತಾಗುತ್ತದೆ. ಹಿಂದೆ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಬೇಕಾದಷ್ಟು ಗಟ್ಟಿ ಮಾಡುತ್ತಿದ್ದರು. ಅದರಲ್ಲಿ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ, ಹೃದಯಕ್ಕೆ ಒಳ್ಳೆಯದಲ್ಲ ಎಂದು ಕಾನೂನು ಬಿಗಿಯಾದ ಮೇಲೆ ಉಳಿದದ್ದು ಇನ್ನೊಂದು ದಾರಿ. ಕೊಬ್ಬಿನ ಪ್ರತಿ ಕಣವೂ ಮೂರು ಸೀಟಿನ ಷೇರ್ ಆಟೋ ಎಂದುಕೊಳ್ಳಿ. ಎಲ್ಲ ಆಟೋಗಳನ್ನೂ ನಿಲ್ಲಿಸಿ, ಪ್ರಯಾಣಿಕರನ್ನು ಇಳಿಸಿ, ಅದಲುಬದಲು ಮಾಡಿ ಮತ್ತೆ ಕೂರಿಸುವುದು. ಹೊಸದಾಗಿ ಏನೂ ಸೇರುವುದಿಲ್ಲ, ಏನೂ ಕಳೆಯುವುದಿಲ್ಲ. ಆದರೆ ಕರಗುವ ಬಿಂದು ನಲವತ್ತಾರರಿಂದ ಮೂವತ್ತೇಳಕ್ಕೆ ಇಳಿಯುತ್ತದೆ.

ಅದುವರೆಗೆ ಈ ಅದಲುಬದಲನ್ನು ನಾವು ರಾಸಾಯನಿಕದಿಂದ ಮಾಡುತ್ತಿದ್ದೆವು. ಎಣ್ಣೆಯನ್ನು ರಿಯಾಕ್ಟರಿನಲ್ಲಿ ನೂರಹತ್ತು ಡಿಗ್ರಿಗೆ ಕಾಯಿಸಿ, ಗಾಳಿ ಎಳೆದು, ನೀರಿನ ಪಸೆಯೂ ಇಲ್ಲದಂತೆ ಒಣಗಿಸಬೇಕು. ಆಮೇಲೆ ಸೋಡಿಯಂ ಮೆಥಾಕ್ಸೈಡ್ ಎಂಬ ಬಿಳಿ ಪುಡಿ, ಟನ್ನಿಗೆ ಒಂದು ಕಿಲೋದಷ್ಟು. ಸ್ವಲ್ಪ ಹೊತ್ತಿಗೆ ಎಣ್ಣೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ತಿರುಗಿತೆಂದರೆ ಕೆಲಸ ಹತ್ತಿದೆ ಎಂದು ಅರ್ಥ. ಅರ್ಧ ಗಂಟೆ ಬಿಟ್ಟು ಸಿಟ್ರಿಕ್ ಆಮ್ಲದ ನೀರು ಹಾಕಿ ನಿಲ್ಲಿಸಬೇಕು. ನಮ್ಮಲ್ಲಿ ಆ ಬಣ್ಣವನ್ನು ನೋಡಿ ಹೇಳುತ್ತಿದ್ದವರು ವಿಜಯಪುರದ ಕಡೆಯ ಒಬ್ಬ ಆಪರೇಟರ್. ಟಿ. ದಾಸರಹಳ್ಳಿಯಲ್ಲಿ ಊರಿನ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಅವರು "ಹಿಡೀತ್ರಿ" ಅಂದರೆ ನಾನು ಲ್ಯಾಬಿನಲ್ಲಿ ಅಳೆಯುವುದು ಬರೀ ನೆಪಕ್ಕೆ.

ಆ ಪುಡಿಗೂ ನೀರಿಗೂ ಆಗುವುದಿಲ್ಲ. ಮುಚ್ಚಿದ ತೊಟ್ಟಿಯಿಂದ ನೈಟ್ರೋಜನ್ ಒತ್ತಡದಲ್ಲಿ ಅದನ್ನು ಒಳಕ್ಕೆ ತಳ್ಳಬೇಕು. ನಮ್ಮ ತೊಟ್ಟಿಯ ವಾಲ್ವು ಕಚ್ಚಿಕೊಂಡು ಎರಡು ತಿಂಗಳಾಗಿತ್ತು. ಹಾಗಾಗಿ ಮೇಲಿನ ಮುಚ್ಚಳ ತೆಗೆದು ಕೈಯಿಂದಲೇ ಸುರಿಯುತ್ತಿದ್ದರು. ಫೆಬ್ರುವರಿಯ ಒಂದು ದಿನ ಮುಚ್ಚಳದ ಒಳಮೈಯಲ್ಲಿ ಕಟ್ಟಿದ್ದ ನೀರ ಹನಿಗಳು ಪುಡಿಯ ಮೇಲೆ ಬಿದ್ದವು. ಭುಸ್ ಎಂದು ಒಂದು ಉಗುಳು, ಅಷ್ಟೇ. ಆಪರೇಟರ್ ಎಡಗೈಯಿಂದ ಮುಖ ಮುಚ್ಚಿಕೊಂಡು ಕುಸಿದರು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಅವರ ತಲೆ ಹಿಡಿದು ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ನೀರು ಬಿಟ್ಟೆವು. ಮೂರು ವಾರಕ್ಕೆ ಅವರು ಕೆಲಸಕ್ಕೆ ಮರಳಿದರು. ಮುಂಗೈಯಲ್ಲಿ ಕಲೆ ಉಳಿದಿತ್ತು. ಕಣ್ಣು ಹೇಗಿದೆ ಅಂದರೆ "ಆರಾಮ್ ಐತ್ರಿ" ಅಂದರು. ಅಪಘಾತದ ವರದಿಗೆ ನಾನು ಸಾಕ್ಷಿಯಾಗಿ ಸಹಿ ಹಾಕಿದೆ.

ಅಲ್ಲಿಂದ ರಿಯಾಕ್ಟರಿಗೆ ಬೀಗ. ಆರು ತಿಂಗಳು ಬರೀ ಎಣ್ಣೆ ಶುದ್ಧಿ ಮಾಡಿ ಮಾರಿದೆವು. ಆ ಅವಧಿಯಲ್ಲೇ ನಾನು ಎಂಜೈಮಿನ ಹಟ ಹಿಡಿದದ್ದು. ಅದೇ ಅದಲುಬದಲು ಕೆಲಸವನ್ನು ಲೈಪೇಸ್ ಎಂಬ ಎಂಜೈಮ್ ಎಪ್ಪತ್ತು ಡಿಗ್ರಿಯಲ್ಲಿ, ಪುಡಿ, ಹೊಗೆ, ತೊಳೆದ ನೀರು ಯಾವುದೂ ಇಲ್ಲದೆ ಮಾಡುತ್ತದೆ. ತೀರ ಸಣ್ಣ ರವೆಯಂಥ ಕಾಳಿನ ಮೇಲೆ ಅದನ್ನು ಅಂಟಿಸಿ ಕೊಡುತ್ತಾರೆ. ಕಾಲಮ್ಮಿನಲ್ಲಿ ಅದನ್ನು ತುಂಬಿ ಎಣ್ಣೆ ಹಾಯಿಸಿದರಾಯಿತು. ಆನೇಕಲ್ ಕಡೆಯ ಒಂದು ಬಿಸ್ಕತ್ತು ಕಂಪನಿ ಮೊದಲ ಲೋಡುಗಳಿಗೆ ಒಪ್ಪಿತು. ಷರತ್ತು ಒಂದೇ: ಕರಗುವ ಬಿಂದು ಮೂವತ್ತೆಂಟನ್ನು ದಾಟಬಾರದು.

ಎಂಜೈಮ್ ತುಂಬಿದ ದಿನ ಆಪರೇಟರ್ ಗಾಜಿನ ಕಿಂಡಿಗೆ ಮುಖ ಹಚ್ಚಿ ಬಹಳ ಹೊತ್ತು ನೋಡಿದರು. ಮೊದಮೊದಲು ಬಂದ ಎಣ್ಣೆಯಲ್ಲಿ ಕಾಳಿನೊಳಗಿನ ತೇವ ಇರುತ್ತದೆ, ಅದನ್ನು ತಿರುಗಿ ಒಣಗಿಸಿ ಮತ್ತೆ ಹಾಯಿಸಬೇಕು ಎಂದು ಹೇಳಿಕೊಟ್ಟೆ. ತಲೆಯಾಡಿಸಿದರು.

"ಇದಕ ಬಣ್ಣ ಇಲ್ಲ, ವಾಸನಿ ಇಲ್ಲ. ಕೆಲಸ ಮಾಡಾಕತ್ತೈತಿ ಅಂತ ತಿಳಿಯೂದು ಹೆಂಗ್ರಿ ಮೇಡಂ?"

"ಕರಗ್ಸಿ ನೋಡ್ಬೇಕು ಅಣ್ಣ. ಬೇರೆ ದಾರಿ ಇಲ್ಲ."

ಕರಗಿಸಿ ನೋಡುವುದೆಂದರೆ ಸಣ್ಣ ಗಾಜಿನ ನಳಿಕೆಯಲ್ಲಿ ಒಂದು ಸೆಂಟಿಮೀಟರ್ ಕೊಬ್ಬು ತುಂಬಿ, ಐಸಿನಲ್ಲಿಟ್ಟು ಗಟ್ಟಿ ಮಾಡಿ, ಥರ್ಮಾಮೀಟರಿಗೆ ಕಟ್ಟಿ, ಬೀಕರಿನ ನೀರಿನಲ್ಲಿ ಮೆಲ್ಲಗೆ ಕಾಯಿಸುವುದು. ಬಿಳಿ ಕಡ್ಡಿಯಂತಿರುವ ಕೊಬ್ಬು ಒಂದು ಹೊತ್ತಿನಲ್ಲಿ ಜಾರಿ ಮೇಲಕ್ಕೇಳುತ್ತದೆ. ಅದು ಏಳುವ ಡಿಗ್ರಿಯೇ ಕರಗುವ ಬಿಂದು. ಮೊದಲ ದಿನ ಮೂವತ್ತಾರು ಮುಕ್ಕಾಲಕ್ಕೆ ಎದ್ದಿತು. ನಾನು ಮೂರು ಸಲ ಮಾಡಿ ನೋಡಿದೆ. ಆಪರೇಟರಿಗೂ ಮಾಡಲು ಕಲಿಸಹೋದೆ. "ಥರ್ಮಾಮೀಟರ್ ನೀವ ಓದ್ರಿ, ನನಗ ವಯಸ್ಸಾತು" ಎಂದು ನಕ್ಕು ಸರಿದರು.

ಹತ್ತು ದಿನ ಎಲ್ಲವೂ ನೆಟ್ಟಗಿತ್ತು. ಆದರೂ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಳೆಯ ರಿಯಾಕ್ಟರ್ ಗುಡುಗುತ್ತಿತ್ತು, ನಾರುತ್ತಿತ್ತು, ಕೆಟ್ಟರೆ ಗೊತ್ತಾಗುತ್ತಿತ್ತು. ಈ ಕಾಲಮ್‌ಗಳು ಸುಮ್ಮನೆ ನಿಂತಿರುತ್ತಿದ್ದವು. ನಾಲ್ಕು ಗಂಟೆಗೊಮ್ಮೆ ಸ್ಯಾಂಪಲ್ ಸಾಕು ಎಂದು ನಾನೇ ಬರೆದಿಟ್ಟಿದ್ದೆ. ನಾನೇ ಗಂಟೆಗೊಮ್ಮೆ ತೆಗೆಯುತ್ತಿದ್ದೆ. ತಂದಿದ್ದ ಚಿತ್ರಾನ್ನದ ಡಬ್ಬಿ ಹಾಗೇ ವಾಪಸು ಹೋಗುತ್ತಿತ್ತು.

ಹನ್ನೊಂದನೆಯ ದಿನ ಮೂವತ್ತೆಂಟೂಕಾಲು. ಹನ್ನೆರಡಕ್ಕೆ ಮೂವತ್ತೊಂಬತ್ತೂವರೆ. ನಳಿಕೆ ಸರಿಯಾಗಿ ತುಂಬಿಲ್ಲವೇನೋ ಎಂದು ಬೇರೆ ನಳಿಕೆ, ಬೇರೆ ಥರ್ಮಾಮೀಟರ್, ಬೇರೆ ಬೀಕರ್. ಹದಿಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕೊಬ್ಬು ನಲವತ್ತೊಂದಕ್ಕೆ ಎದ್ದಿತು.

ಎಂಜೈಮ್ ಸಾಯುತ್ತಿತ್ತು. ವರ್ಷವಿಡೀ ಬಾಳಬೇಕಾದ್ದು ಎರಡು ವಾರಕ್ಕೆ ಸಾಯುತ್ತಿತ್ತು.

ಎಲ್ಲಿ ಎಂದು ಹುಡುಕಲು ನಾಲ್ಕೂ ಕಾಲಮ್‌ಗಳ ನಡುವಿನ ನಲ್ಲಿಗಳಿಂದ ಬೇರೆ ಬೇರೆ ಸ್ಯಾಂಪಲ್ ತೆಗೆದೆ. ಮೊದಲನೆಯದರಿಂದ ಹೊರಬಂದ ಎಣ್ಣೆ ನಲವತ್ತಾರು. ಅಂದರೆ ಒಳಗೆ ಹೋದದ್ದು ಹೋದಂತೆಯೇ ಬಂದಿದೆ. ಎರಡನೆಯದರ ನಂತರ ನಲವತ್ತೈದೂವರೆ. ಮೂರನೆಯದರ ನಂತರ ನಲವತ್ತಮೂರೂವರೆ. ನಾಲ್ಕನೆಯದರ ನಂತರ ನಲವತ್ತೊಂದು. ಬಿಸಿ ಹೆಚ್ಚಾಗಿದ್ದರೆ ನಾಲ್ಕೂ ಒಟ್ಟಿಗೆ ಸೋಲಬೇಕಿತ್ತು. ಇದು ಮುಂದಿನಿಂದ ಒಂದೊಂದನ್ನೇ ತಿನ್ನುತ್ತ ಬರುತ್ತಿತ್ತು. ವಿಷ ಎಣ್ಣೆಯ ಜೊತೆಗೇ ಬರುತ್ತಿದೆ ಎಂಬುದು ಖಚಿತವಾಯಿತು. ಯಾವ ವಿಷ ಎಂಬುದು ಗೊತ್ತಿರಲಿಲ್ಲ. ತೇವ ನೋಡಿದೆ, ಸರಿಯಿತ್ತು. ಎಣ್ಣೆ ಹಳಸಿದೆಯೇ ಎಂದು ಪೆರಾಕ್ಸೈಡ್ ನೋಡಿದೆ, ಸರಿಯಿತ್ತು. ಸಾಬೂನಿನ ಅಂಶ ಇಲ್ಲ. ಕೊಬ್ಬಿನಾಮ್ಲ ಮಿತಿಯಲ್ಲೇ ಇದೆ. ನನಗೆ ತಿಳಿದ ಪರೀಕ್ಷೆಗಳೆಲ್ಲ ಮುಗಿದವು. ಆ ಸಂಜೆ ಬಸ್ಸಿನಲ್ಲಿ ಯೋಚಿಸುತ್ತ ಕೂತವಳು ಇಳಿಯಬೇಕಿದ್ದ ದಾಸರಹಳ್ಳಿ ದಾಟಿ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ನಡೆದುಕೊಂಡು ವಾಪಸು ಬಂದೆ.

ಮರುದಿನ ಬೆಳಿಗ್ಗೆ ಯಜಮಾನರು ಕರೆದರು. ಅವರು ಕೆಟ್ಟ ಮನುಷ್ಯರಲ್ಲ. ಆಪರೇಟರ್ ಆಸ್ಪತ್ರೆಯಲ್ಲಿದ್ದಾಗ ದಿನಾ ಹೋಗಿ ನೋಡಿಬಂದವರು. ಟೇಬಲ್ಲಿನ ಮೇಲೆ ಬಿಸ್ಕತ್ತು ಕಂಪನಿಯ ವೇಳಾಪಟ್ಟಿ ಹರಡಿಕೊಂಡಿದ್ದರು.

"ಶನಿವಾರಕ್ಕೆ ಮೂರು ಟ್ಯಾಂಕರ್ ಹೋಗ್ಬೇಕು. ನಿಮ್ ಕಾಲಮ್ ಯಾವಾಗ ಸರಿಹೋಗತ್ತೆ?"

"ಕಾರಣ ಸಿಕ್ಕಿಲ್ಲ ಸಾರ್. ಹೇಳಕ್ಕಾಗಲ್ಲ."

"ಹಂಗಾದ್ರೆ ಹಳೇ ರಿಯಾಕ್ಟರ್ ಬಿಚ್ಸಿ. ಮೂರೇ ಬ್ಯಾಚ್ ಕಣಮ್ಮ. ಪುಡಿ ಇನ್ನೂ ಎರಡ್ ಡ್ರಮ್ ಇದೆ. ಮುಗಿಸ್ಬಿಟ್ಟು ಮತ್ತೆ ಬೀಗ ಹಾಕೋಣ."

"ಆ ತೊಟ್ಟಿ ವಾಲ್ವ್ ಇನ್ನೂ ರಿಪೇರಿ ಆಗಿಲ್ಲ ಸಾರ್."

"ಗೊತ್ತು. ಮುಚ್ಚಳ ಚೆನ್ನಾಗಿ ಒರೆಸ್ಕೊಂಡು ಹಾಕ್ಲಿ. ಅವರಿಗೇನ್ ಹೊಸದಾ? ನಾನ್ ಕೇಳ್ದೆ, ಮಾಡ್ತೀನಿ ಅಂದ್ರು."

ಕೆಳಗೆ ಹೋದಾಗ ಆಪರೇಟರ್ ಆಗಲೇ ರಿಯಾಕ್ಟರಿನ ಬೀಗ ತೆಗೆದಿದ್ದರು. ಎಣ್ಣೆ ಕಾಯುತ್ತಿತ್ತು. ಆರು ತಿಂಗಳಿಂದ ಅವರ ಮುಖದಲ್ಲಿ ಕಾಣದಿದ್ದ ಹುರುಪು ಅವತ್ತು ಇತ್ತು. ಹೆಂಡತಿಯ ಹಳೆಯ ಸೀರೆಯ ತುಂಡಿನಿಂದ ಮುಚ್ಚಳ ಒರೆಸುತ್ತಿದ್ದರು. ಅಪಾಯದ ಕೆಲಸಕ್ಕೆ ಪರವಾನಗಿ ಚೀಟಿ ಬೇಕು, ಅದಕ್ಕೆ ಕೆಮಿಸ್ಟಿನ ಸಹಿ ಬೇಕು. ಚೀಟಿಯ ಪುಸ್ತಕ ತೆರೆದು ತಾರೀಖು ಬರೆದೆ, ಬ್ಯಾಚ್ ನಂಬರ್ ಬರೆದೆ. ಒಣಗಿಸುವಾಗಿನ ನಿರ್ವಾತ ಎಷ್ಟೆಂದು ಬರೆಯುವ ಜಾಗ ಬಂತು.

"ಅಣ್ಣ, ಗೇಜ್ ಎಷ್ಟ್ ತೋರಿಸ್ತಿದೆ?"

ಗೇಜು ಅವರ ಎಡಗಡೆಗೇ ಇತ್ತು, ಒಂದು ಮೊಳ ದೂರದಲ್ಲಿ. ಅವರು ಕಣ್ಣು ತಿರುಗಿಸಲಿಲ್ಲ. ಇಡೀ ಮೈಯನ್ನೇ ತಿರುಗಿಸಿ, ಬಲಗಣ್ಣನ್ನು ಅದರ ಹತ್ತಿರ ತಂದು ಓದಿದರು. ನಾನು ಪೆನ್ನು ಎತ್ತಿದೆ.

"ಬಲಗಣ್ಣು ಮುಚ್ಚಿ ಓದಿ ಅಣ್ಣ."

"ಏನ್ರಿ ಮೇಡಂ, ಸಾಲಿ ಹುಡುಗರ ಆಟ ಆಡಸಾಕತ್ತೀರಿ?"

"ಮುಚ್ಚಿ ಓದಿ."

ಅವರು ಮುಚ್ಚಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. "ಕಾಣತೈತ್ರಿ. ಮಂಜು ಕವಿದಂಗ, ಅಷ್ಟ."

"ಯಾಕ್ ಹೇಳ್ಲಿಲ್ಲ?"

"ಹೇಳಿದ್ರ ಆಪರೇಟರ್ ಕೆಲಸದಾಗ ಇಟ್ಕೊಂತಿದ್ರೇನ್ರಿ?" ಜಗಳದ ದನಿಯಿಲ್ಲದೆ ಇನ್ನೊಂದು ಮಾತು ಹೇಳಿದರು. "ಮ್ಯಾಲ ರಿಪೋರ್ಟಿನ್ಯಾಗ ಕನ್ನಡಕ ಹಾಕ್ಕೊಂಡಿದ್ದಿಲ್ಲ ಅಂತ ಬರದೀರಿ. ತಪ್ಪು ನಂದ ಅಂತ ಆತು. ಹಾಕ್ಕೊಂಡಿದ್ನಿರಿ ನಾ. ನೀವ ನಿಂತಿದ್ರಲ್ಲ ಅಲ್ಲೇ."

ನಿಂತಿದ್ದೆ. ಅವರು ಕನ್ನಡಕ ಹಾಕಿಕೊಂಡಿದ್ದರು, ಪಕ್ಕದಲ್ಲಿ ಸಂದಿಯಿರುವ ಸಾದಾ ಪ್ಲಾಸ್ಟಿಕ್ಕಿನದು. ಆ ಸಂದಿಯಿಂದಲೇ ಸಿಡಿದಿತ್ತು. ಮುಖ ಪೂರ್ತಿ ಮುಚ್ಚುವ ಕವಚವನ್ನು ನಾವು ಕೊಟ್ಟಿರಲಿಲ್ಲ. ಅಪಘಾತದ ಮರುದಿನ ಆಫೀಸಿನಲ್ಲಿ ಟೈಪಾಗಿ ಬಂದ ಹಾಳೆಯಲ್ಲಿ "ಆಪರೇಟರ್ ಕನ್ನಡಕ ಧರಿಸಿರಲಿಲ್ಲ" ಎಂದಿತ್ತು. ವಾಲ್ವಿನ ಸುದ್ದಿಯೇ ಇರಲಿಲ್ಲ. ಓದಿದೆ. ಹೇಗೂ ಅವರು ಗುಣವಾಗಿ ಬರುತ್ತಾರೆ, ಯಾಕೆ ರಾದ್ಧಾಂತ ಎಂದುಕೊಂಡು ಸಹಿ ಹಾಕಿದೆ. ಆಮೇಲೆ ಎಂಜೈಮಿನ ಹಿಂದೆ ಬಿದ್ದೆ. ಹೊಸ ಯಂತ್ರ ತಂದರೆ ಹಳೆಯ ಹಾಳೆಯ ಲೆಕ್ಕ ಚುಕ್ತಾ ಆಗುತ್ತದೆಂದು ನಾನು ಒಳಗೊಳಗೇ ನಂಬಿಕೊಂಡಿದ್ದಿರಬೇಕು.

ಚೀಟಿಯ ಮೇಲೆ ಅಡ್ಡಗೆರೆ ಎಳೆದು "ರದ್ದು" ಎಂದು ಬರೆದೆ. "ಹಬೆ ಬಂದ್ ಮಾಡಿ ಅಣ್ಣ. ಇವತ್ತು ಪುಡಿ ಹಾಕಲ್ಲ. ಯಾವತ್ತೂ ಹಾಕಲ್ಲ."

"ಯಜಮಾನ್ರಿಗೆ ಏನಂತ ಹೇಳ್ತೀರಿ?"

"ನೋಡೋಣ."

ಅವರು ಹಬೆ ನಿಲ್ಲಿಸಿದರು. ಆದರೆ ಖುಷಿಯಿಂದಲ್ಲ. ತಮ್ಮ ಕೈಗೆ ಬಂದ ಕೆಲಸವನ್ನು ನಾನು ಎರಡನೆಯ ಸಲ ಕಸಿದುಕೊಂಡೆನೆಂದು ಅವರಿಗೆ ಅನಿಸಿತ್ತು. ಅವತ್ತು ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ.

ಯಜಮಾನರಿಗೆ ಹೇಳುವ ಮೊದಲು ಒಂದು ಲೆಕ್ಕ ಹಾಕಿದೆ. ಎಂಜೈಮ್ ಪೂರ್ತಿ ಸತ್ತಿಲ್ಲ, ಬಳಲಿದೆ. ಎಣ್ಣೆಯನ್ನು ನಿಧಾನ ಮಾಡಿದರೆ ಅದಕ್ಕೆ ಕೆಲಸ ಮಾಡಲು ಹೆಚ್ಚು ಹೊತ್ತು ಸಿಗುತ್ತದೆ. ಪಂಪಿನ ವೇಗವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಸತ್ತ ಮೊದಲ ಕಾಲಮ್ಮನ್ನು ತೆಗೆಯದೆ ಹಾಗೇ ಮುಂದೆ ಇಟ್ಟುಕೊಂಡೆ. ಬರುವ ವಿಷವನ್ನು ಅದೇ ಸ್ವಲ್ಪವಾದರೂ ಹೀರಿಕೊಳ್ಳಲಿ ಎಂಬ ಆಸೆ. ಸಂಜೆ ನಾಲ್ಕಕ್ಕೆ ಕೊಬ್ಬು ಮೂವತ್ತೇಳು ಮುಕ್ಕಾಲಕ್ಕೆ ಎದ್ದಿತು. ಈ ವೇಗದಲ್ಲಿ ಶನಿವಾರಕ್ಕೆ ಒಂದು ಟ್ಯಾಂಕರ್ ತುಂಬುತ್ತಿತ್ತು. ಮೂರಲ್ಲ.

ಯಜಮಾನರು ಸಿಟ್ಟಾದರು. ಕೂಗಲಿಲ್ಲ, ಎದ್ದು ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತರು. "ನಾನ್ ಹೇಳಿದ್ದನ್ನ ರದ್ದು ಮಾಡೋಕೆ ನೀವ್ಯಾರಮ್ಮ?"

"ಆ ಚೀಟಿಗೆ ಸಹಿ ಹಾಕೋಳು ಸಾರ್. ಬೇರೆಯವರ ಹತ್ರ ಹಾಕ್ಸೋದಾದ್ರೆ ನಾನು ನಾಳೆಯಿಂದ ಬರಲ್ಲ. ಅವರಿಗೆ ಎಡಗಣ್ಣು ಕಾಣ್ತಿಲ್ಲ."

ಅವರು ತಿರುಗಿದರು. ಅದು ಅವರಿಗೂ ಗೊತ್ತಿರಲಿಲ್ಲ ಎಂಬುದು ಮುಖದಲ್ಲೇ ಕಂಡಿತು. "ಬಿಸ್ಕತ್‌ನೋರಿಗೆ ನೀವೇ ಫೋನ್ ಮಾಡಿ" ಅಂದರು.

ಬಿಸ್ಕತ್ತು ಕಂಪನಿಯ ಗುಣಮಟ್ಟದ ಅಧಿಕಾರಿ ದನಿಯಲ್ಲೇ ದಣಿದಿದ್ದ ಮನುಷ್ಯ. ಮೂರರ ಬದಲು ಒಂದು ಟ್ಯಾಂಕರ್ ಅಂದೆ.

"ಮೇಡಂ, ಲೈನ್ ನಿಂತ್ರೆ ನನ್ನನ್ನ ಕೇಳ್ತಾರೆ. ನಲವತ್ತರದ್ದೇ ಕಳ್ಸಿ, ನಾವು ಮಿಕ್ಸ್ ಮಾಡ್ಕೊತೀವಿ."

"ನಿಮ್ ಕ್ರೀಮ್ ಮೇಣ ಆಗತ್ತೆ ಸಾರ್. ಆಮೇಲೆ ಇಬ್ರನ್ನೂ ಕೇಳ್ತಾರೆ."

"ಕಾರಣ ಏನು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಯಾವ ಸಪ್ಲೈಯರೂ ಇದುವರೆಗೆ ಹೇಳಿಲ್ಲ ನನಗೆ" ಎಂದರು. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಆ ಒಂದು ಟ್ಯಾಂಕರನ್ನು ತೆಗೆದುಕೊಳ್ಳುತ್ತೇವೆ, ಉಳಿದದ್ದನ್ನು ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಫೋನ್ ಇಟ್ಟರು.

ಕಾರಣ ಸಿಕ್ಕಿದ್ದು ಮರುದಿನ. ಅದನ್ನು ಕಂಡುಹಿಡಿದವಳು ನಾನಲ್ಲ. ಕಾರ್ಖಾನೆಯ ಕಸ ಗುಡಿಸುವ ಅಕ್ಕ ಮಾಕಳಿಯ ಹತ್ತಿರದ ಹಳ್ಳಿಯವರು. ಎಣ್ಣೆ ಶುದ್ಧಿಯ ಶೆಡ್ಡಿನಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ ನನಗೆ ಪೊರಕೆಯಿಂದ ಪಕ್ಕಕ್ಕೆ ಸರಿಯುವಂತೆ ಸನ್ನೆ ಮಾಡಿದರು.

"ವಸಿ ಅತ್ಲಾಗ್ ನಿಂತ್ಕಳಿ ಮೇಡಮ್ಮ. ಈ ಮಣ್ಣು ಬಿದ್ದಿರ ಕಡೆ ನೀರಾಕ್ಬೇಕು. ನೊರೆ ಬತ್ತದೆ, ಕಾಲ್ಗೆ ಸಿಡೀತದೆ."

"ನೊರೆ ಯಾಕೆ ಬರತ್ತೆ ಅಕ್ಕ? ಸೋಪ್ ಪುಡಿ ಹಾಕಿದ್ದೀರಾ?"

"ಸೋಪೂ ಇಲ್ಲ ಏನೂ ಇಲ್ಲ. ಬರೀ ನೀರು. ಈ ಒಸಾ ಮಣ್ಣು ಬಂದಾಗ್ಲಿಂದ್ಲೂ ಇಂಗೇಯ. ನೆಲಾನೇ ತಿಂದಾಕ್ಬುಟ್ಟದೆ, ನೋಡಿ."

ಅವರು ಪೊರಕೆಯ ತುದಿಯಿಂದ ತೋರಿಸಿದ ಕಡೆ ಸಿಮೆಂಟಿನ ನೆಲ ಹುಳ ಹೊಡೆದಂತೆ ತೂತುತೂತಾಗಿತ್ತು. ನೀರು ಸುರಿದರು. ಸಣ್ಣಗೆ ಚುರುಗುಟ್ಟಿ ನೊರೆ ಎದ್ದಿತು.

ಅವರು ಮಣ್ಣು ಅಂದದ್ದು ಎಣ್ಣೆಯ ಬಣ್ಣ ತೆಗೆಯಲು ನಾವು ಬಳಸುವ ಜೇಡಿ. ಎಣ್ಣೆಯ ಜೊತೆ ಕಲಸಿ, ಬಣ್ಣ ಹೀರಿಕೊಂಡ ಮೇಲೆ ಸೋಸಿ ತೆಗೆಯುತ್ತೇವೆ. ಜೇಡಿಗೆ ಶಕ್ತಿ ಬರಲೆಂದು ಅದನ್ನು ಖನಿಜ ಆಮ್ಲದಲ್ಲಿ ನೆನೆಸಿ ತೊಳೆದು ಮಾರುತ್ತಾರೆ. ತೊಳೆದದ್ದು ಸಾಲದಿದ್ದರೆ ಆಮ್ಲ ಅದರಲ್ಲೇ ಉಳಿಯುತ್ತದೆ. ಒಂದು ಚಮಚ ಜೇಡಿಯನ್ನು ಲ್ಯಾಬಿನಲ್ಲಿ ನೀರಿಗೆ ಕದಡಿ ಪಿಎಚ್ ಕಾಗದ ಅದ್ದಿದೆ. ಕಾಗದ ಕೆಂಪಾಯಿತು. ಕಾಲಮ್ಮಿಗೆ ಹೋಗುವ ಎಣ್ಣೆಯನ್ನು ಬಿಸಿನೀರಿನ ಜೊತೆ ಕುಲುಕಿ, ಆ ನೀರಿಗೂ ಕಾಗದ ಅದ್ದಿದೆ. ಅದೂ ತಿಳಿಯಾಗಿ ಕೆಂಪು. ನಾನು ಕೊಬ್ಬಿನಾಮ್ಲವನ್ನಷ್ಟೇ ಅಳೆದಿದ್ದೆ. ಈ ಆಮ್ಲ ಇರಬಹುದೆಂದು ಊಹಿಸಿರಲೇ ಇಲ್ಲ. ಅಡುಗೆ ಎಣ್ಣೆಗೆ ಅಷ್ಟು ಸಣ್ಣ ಅಂಶದಿಂದ ಏನೂ ತೋರುವುದಿಲ್ಲ. ಎಂಜೈಮಿಗೆ ಅದು ಸಾವು.

ಜೇಡಿಯ ಫೈಲು ತೆಗೆದೆ. ಜೂನ್ ತಿಂಗಳಲ್ಲಿ ಹೊಸ ಜೇಡಿ ಬಂದಿತ್ತು. ಹಳೆಯದರಲ್ಲಿ ಸೋಸುವುದು ನಿಧಾನವೆಂದು ಬದಲಾಯಿಸಿದ್ದೆವು. ಬಣ್ಣ ತೆಗೆಯುವ ಶಕ್ತಿ: ಉತ್ತಮ. ಸೋಸುವ ವೇಗ: ಉತ್ತಮ. ಪಿಎಚ್ ಎಂಬಲ್ಲಿ ಖಾಲಿ. ಕೆಳಗೆ "ಒಪ್ಪಿದೆ" ಎಂದು ನನ್ನ ಸಹಿ.

ಆ ಫೈಲನ್ನು ಮಡಿಲಲ್ಲಿಟ್ಟುಕೊಂಡು ಲ್ಯಾಬಿನ ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಹಿಂದಿನ ದಿನ ಯಜಮಾನರ ಮುಂದೆ ತಲೆಯೆತ್ತಿ ಮಾತಾಡಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಮಾರುವವರು ಆಮ್ಲ ಉಳಿಸಿ ಕಳಿಸಿದ್ದಾರೆ ಎಂದು ಬರೆದರೆ ಸುಳ್ಳೇನಲ್ಲ. ಹಾಗೆ ಬರೆದು ಪಾರಾಗಲೂಬಹುದಿತ್ತು. ಕನ್ನಡಕ ಧರಿಸಿರಲಿಲ್ಲ ಎಂಬ ಸಾಲನ್ನು ಟೈಪ್ ಮಾಡಿದವರಿಗೂ ಹೀಗೇ ಅನಿಸಿರಬೇಕು.

ಎರಡು ಹಾಳೆ ಬರೆದೆ. ಒಂದರಲ್ಲಿ ಪಿಎಚ್ ನೋಡದೆ ಜೇಡಿಯನ್ನು ಒಪ್ಪಿಕೊಂಡದ್ದು ನಾನು, ಎಂಜೈಮ್ ಕೆಟ್ಟದ್ದು ಅದರಿಂದ ಎಂದು. ಇನ್ನೊಂದರಲ್ಲಿ ಫೆಬ್ರುವರಿಯ ಅಪಘಾತದಂದು ಆಪರೇಟರ್ ಕನ್ನಡಕ ಧರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ, ತೊಟ್ಟಿಯ ವಾಲ್ವು ಎರಡು ತಿಂಗಳಿಂದ ಕೆಟ್ಟಿತ್ತು, ಮುಖದ ಕವಚ ಇರಲಿಲ್ಲ, ಮೊದಲಿನ ವರದಿಗೆ ನಾನು ಹಾಕಿದ ಸಹಿ ತಪ್ಪು ಎಂದು. ಎರಡನ್ನೂ ಒಟ್ಟಿಗೇ ತೆಗೆದುಕೊಂಡು ಹೋಗಿ ಯಜಮಾನರ ಮುಂದಿಟ್ಟೆ.

ಮೊದಲನೆಯದನ್ನು ಓದಿ "ಆಗೋಯ್ತು ಬಿಡಿ" ಅಂದರು. ಎರಡನೆಯದನ್ನು ಎರಡು ಸಲ ಓದಿದರು.

"ಇದು ಕಾರ್ಖಾನೆ ಇಲಾಖೆಗೆ ಹೋದ್ರೆ ಇನ್ಸ್‌ಪೆಕ್ಟರ್ ಬರ್ತಾರೆ. ಗೊತ್ತಲ್ಲ?"

"ಗೊತ್ತು ಸಾರ್."

"ನಿಮ್ ಹೆಸರೂ ಬರತ್ತೆ."

"ಬರ್ಲಿ ಸಾರ್. ಅವರ ಕಣ್ಣಿನ ಪರಿಹಾರದ ಅರ್ಜಿಗೆ ಈ ಹಾಳೆ ಬೇಕು. ಅದಿಲ್ದಿದ್ರೆ ತಪ್ಪು ಅವರದೇ ಅಂತ ಉಳ್ಕೊಳತ್ತೆ."

ಅವರು ಹಾಳೆಯನ್ನು ಡ್ರಾಯರಿಗೆ ಹಾಕಿದರು. ಅಲ್ಲೇ ಉಳಿಯುತ್ತದೆಂದು ನನಗೆ ಅನಿಸಿತ್ತು. ಒಂದು ವಾರ ನನ್ನ ನಮಸ್ಕಾರಕ್ಕೆ ಅವರು ತಿರುಗಿ ನೋಡಲಿಲ್ಲ. ಆ ವಾರವನ್ನು ನಾನು ಕಾಲಮ್‌ಗಳ ಜೊತೆ ಕಳೆದೆ. ಆಮ್ಲವಿಲ್ಲದ ಸಾದಾ ಜೇಡಿ ತರಿಸಿ, ಪ್ರತಿ ಚೀಲವನ್ನೂ ನೀರಿಗೆ ಕದಡಿ ನೋಡಿದೆ. ಅದು ಬಣ್ಣವನ್ನು ಕಡಿಮೆ ಹೀರುತ್ತಿತ್ತು. ಹೆಚ್ಚು ಹಾಕಬೇಕಾಯಿತು, ಸೋಸುವುದು ಮತ್ತೆ ನಿಧಾನವಾಯಿತು. ಮೊದಲ ಎರಡು ಕಾಲಮ್‌ಗಳ ಎಂಜೈಮನ್ನು ಸಲಿಕೆಯಿಂದ ತೋಡಿ ತೆಗೆದೆವು. ಅದನ್ನು ಎಸೆಯಲಿಲ್ಲ. ಒಂದು ಹಳೆಯ ಸ್ಟೀಲ್ ಡ್ರಮ್ಮಿಗೆ ತುಂಬಿ ಎಲ್ಲಕ್ಕಿಂತ ಮುಂದೆ ಕೂರಿಸಿದೆವು, ಮುಂದೆ ಏನೇ ವಿಷ ಬಂದರೂ ಮೊದಲು ಅದಕ್ಕೇ ತಾಗಲೆಂದು. ಡ್ರಮ್ಮಿಗೆ ಪೈಪು ಕೂರಿಸಿದವರು ಆಪರೇಟರ್. ಮಾತು ಇನ್ನೂ ಕಡಿಮೆಯೇ ಇತ್ತು. "ಸ್ಪ್ಯಾನರ್ ಕೊಡ್ರಿ", "ಹಿಡೀರಿ", ಅಷ್ಟೇ. ದಾಸ್ತಾನಿನಲ್ಲಿ ಉಳಿದಿದ್ದ ಒಂದು ಕಾಲಮ್ಮಿನಷ್ಟು ಹೊಸ ಎಂಜೈಮ್ ತುಂಬಿ, ಹತ್ತನೆಯ ದಿನ ವೇಗವನ್ನು ಮುಕ್ಕಾಲಿಗೆ ಏರಿಸಿದೆವು. ಮೂವತ್ತೇಳಕ್ಕೆ ನಿಂತಿತು. ಪೂರ್ತಿ ವೇಗಕ್ಕೆ ಉಳಿದ ಎಂಜೈಮ್ ಬರುವವರೆಗೂ ಹೋಗಲಾಗಲಿಲ್ಲ. ಬಿಸ್ಕತ್ತು ಕಂಪನಿ ಅರ್ಧ ವ್ಯವಹಾರವನ್ನು ಬೇರೆಯವರಿಗೆ ಕೊಟ್ಟಿತ್ತು. ಅದು ಇವತ್ತಿಗೂ ನಮಗೆ ಮರಳಿಲ್ಲ.

ಹಾಳೆ ಡ್ರಾಯರಿನಲ್ಲಿ ಉಳಿಯಲಿಲ್ಲ. ಯಜಮಾನರು ಒಂದು ಬೆಳಿಗ್ಗೆ ಯಾರಿಗೂ ಹೇಳದೆ ತಾವೇ ಅದನ್ನು ಇಲಾಖೆಗೆ ಕಳಿಸಿದ್ದರು. ಇನ್ಸ್‌ಪೆಕ್ಟರ್ ಬಂದಾಗಲೇ ನನಗೆ ತಿಳಿದದ್ದು. ಕಾರ್ಖಾನೆಗೆ ದಂಡ ಬಿತ್ತು, ನನಗೆ ಎಚ್ಚರಿಕೆಯ ಪತ್ರ ಬಂತು. ಉಳಿದ ಎರಡು ಡ್ರಮ್ ಪುಡಿಯನ್ನು ಅಪಾಯದ ತ್ಯಾಜ್ಯ ಒಯ್ಯುವವರು ಬಂದು ಒಯ್ದರು. ಯಾಕೆ ಕಳಿಸಿದಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನವೆಂಬರಿನಲ್ಲಿ ಆಪರೇಟರಿಗೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ಪತ್ರ ಬಂತು. ಕಣ್ಣಿಗೆ ಎಷ್ಟು ಹಾನಿಯಾಗಿದೆ ಎಂದು ತೀರ್ಮಾನಿಸುವುದು ಆ ಮಂಡಳಿಯೇ. ಸಾಕ್ಷಿಯೆಂದು ನನ್ನನ್ನೂ ಕರೆದಿದ್ದರು. ದಾಸರಹಳ್ಳಿಯಲ್ಲಿ ಇಬ್ಬರೂ ಮೆಟ್ರೋ ಹತ್ತಿದೆವು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಪೀಣ್ಯ ದಾಟಿದ ಮೇಲೆ ಕೇಳಿದರು.

"ಕಣ್ಣು ಇಲ್ಲ ಅಂತ ಬರದ್ರ ನನ್ನ ಎಲ್ಲಿ ಹಾಕ್ತಾರ‍್ರಿ? ಗೇಟಿಗೆ?"

"ಕಾಲಮ್ ಹತ್ರಾನೇ ಇರ್ತೀರಿ ಅಂತ ಯಜಮಾನ್ರು ಹೇಳಿದ್ದಾರೆ."

"ಬಾಯಿಲೆ?"

"ಬಾಯಲ್ಲೇ ಅಣ್ಣ. ಬರೆದು ಕೊಟ್ಟಿಲ್ಲ." ಅವರಿಗೆ ಇನ್ನೊಂದು ಸುಳ್ಳು ಹೇಳುವುದು ನನ್ನಿಂದಾಗುತ್ತಿರಲಿಲ್ಲ. ಅವರು ಕಿಟಕಿಯ ಆಚೆ ನೋಡುತ್ತ ಕೂತರು.

ಪರೀಕ್ಷೆಯ ಕೋಣೆಯಲ್ಲಿ ಗೋಡೆಗೆ ಕನ್ನಡ ಅಕ್ಷರಗಳ ಹಲಗೆ ತೂಗುಹಾಕಿತ್ತು. ಮೇಲೆ ದೊಡ್ಡಕ್ಷರ, ಕೆಳಕ್ಕೆ ಹೋದಂತೆ ಸಣ್ಣವು. ವೈದ್ಯೆ ಮೊದಲು ಎಡಗಣ್ಣು ಮುಚ್ಚಿಸಿದರು. ಬಲಗಣ್ಣಿನಿಂದ ಆಪರೇಟರ್ ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿದರು. "ಈಗ ಬಲಗಣ್ಣು ಮುಚ್ಕೊಂಡು ಮೇಲಿನಿಂದ ಓದಿ" ಅಂದರು ವೈದ್ಯೆ.

ಅವರು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡರು. "ರ" ಅಂದರು. ಎರಡನೆಯ ಸಾಲಿಗೆ "ಗ, ತ" ಅಂದರು. ಮೂರನೆಯ ಸಾಲನ್ನೂ ತಪ್ಪಿಲ್ಲದೆ ಹೇಳಿದರು. ವೈದ್ಯೆ ತಲೆಯೆತ್ತಿ ನನ್ನನ್ನು ನೋಡಿದರು. ಮಂಡಳಿಯ ಗುಮಾಸ್ತ ಬರೆದುಕೊಳ್ಳಲು ಪೆನ್ನು ಎತ್ತಿದ್ದ. "ಬಲಗಣ್ಣಲ್ಲಿ ಓದಿದ್ದನ್ನೇ ಬಾಯಿಪಾಠ ಹೇಳ್ತಿದ್ದಾರೆ ಡಾಕ್ಟ್ರೇ, ಬೇರೆ ಹಲಗೆ ಹಾಕಿ ನೋಡಿ" ಎಂದು ನಾನು ಅಂದೆ; ಆಪರೇಟರ್ ಕಣ್ಣಿನ ಮೇಲಿನ ಅಂಗೈಯನ್ನು ಮೆಲ್ಲಗೆ ಇಳಿಸಿದರು.